ಮೆಟ್ಟಿಲು ಮರೆತ ಮಹಡಿ

ತಿಪಟೂರಿನ ಪೇಟೆ ಬೀದಿಯಲ್ಲಿ ಕೊಬ್ಬರಿ ವ್ಯಾಪಾರಿ ವೀರಭದ್ರಯ್ಯನವರು ಕಟ್ಟಿಸಿದ ಮನೆಗೆ ಹದಿನಾರು ಕಂಬ, ಇಪ್ಪತ್ತೆರಡು ಕಿಟಕಿ, ಮೇಲೊಂದು ಭಾರಿ ಮಹಡಿ. ಮಹಡಿಗೆ ಹೋಗಲು ಮೆಟ್ಟಿಲು ಮಾತ್ರ ಇಲ್ಲ.

ಅವರ ಮೊಮ್ಮಗನ ಹೆಂಡತಿ ಶಾಂತಕುಮಾರಿ ನಲವತ್ತು ವರ್ಷದಿಂದ ಬಂದವರಿಗೆಲ್ಲ ಇದಕ್ಕೊಂದು ಕಾರಣ ಹೇಳುತ್ತಿದ್ದರು. ಅತ್ತೆ ವಿಮಲಮ್ಮ ಹೇಳಿಕೊಟ್ಟದ್ದು. ಊರಿನ ಹಳೇ ಮನೆಗಳ ಚರಿತ್ರೆ ಬರೆಯುತ್ತಿದ್ದ ಕಾಲೇಜಿನ ಮೇಡಂ ಲಿಖಿತಾ ಬಂದಾಗಲೂ ಅದನ್ನೇ ಹೇಳಿದರು.

“ಮೇಲೆ ಕೊಬ್ಬರಿ ಇಡ್ತಿದ್ರು ಕಣಮ್ಮ. ಕಳ್ಳರು ಹತ್ಬಾರ್ದು ಅಂತ ನಮ್ಮ ಮಾವನವರ ತಂದೆ ಬೇಕಂತ್ಲೇ ಮೆಟ್ಲು ಬುಟ್ಟವ್ರೆ. ಅವರ ತಲೆ ಅಂಥದ್ದು.”

ಲಿಖಿತಾ ಭಕ್ತಿಯಿಂದ ಬರೆದುಕೊಂಡಳು. ಇಬ್ಬರೂ ಏಣಿ ಹತ್ತಿ ಮೇಲೆ ಹೋದರು. ಐದು ನಿಮಿಷಕ್ಕೆ ಕೆಳಗೆ ಸದ್ದಾಯಿತೆಂದು ಶಾಂತಕುಮಾರಿ ಕಿಟಕಿಯಲ್ಲಿ ಬಗ್ಗಿದರೆ, ಏಣಿ ಲಗೇಜ್ ಆಟೋದ ಮೇಲೆ ಮಲಗಿ ಹೊನ್ನವಳ್ಳಿ ರಸ್ತೆ ಹಿಡಿದಿತ್ತು. ಪಕ್ಕದಲ್ಲಿ ಗಂಡ ತೋಂಟದಾರ್ಯ. ತೋಟದ ಮನೆಯ ಹೆಂಚು ಸರಿಮಾಡಿಸುವುದು ಅವರಿಗೆ ಆಗಲೇ ನೆನಪಾಗಿತ್ತು. ಕೂಗಿದ್ದು ಕೇಳಿಸಲಿಲ್ಲ. ಫೋನುಗಳೆರಡೂ ಕೆಳಗೆ ತೂಗುಮಣೆಯ ಮೇಲಿದ್ದವು.

ಶಾಂತಕುಮಾರಿಗೆ ನಾಚಿಕೆಯಾಯಿತು. ಮೇಡಮ್ಮಿಗೆ ಕೂರಲು ಜಾಗ ಮಾಡೋಣವೆಂದು ಗೋಡೆಗೆ ಒಟ್ಟಿದ್ದ ಹಳೇ ಗೋಣಿಚೀಲಗಳನ್ನು ಸರಿಸಿದರೆ, ಗೋಡೆ ತುಂಬ ಇದ್ದಿಲಲ್ಲಿ ಬರೆದ ಅಕ್ಷರಗಳು. ಲಿಖಿತಾ ಓದತೊಡಗಿದಳು.

‘ಮೇಸ್ತ್ರಿಗೆ ಮೆಟ್ಟಿಲು ಹೇಳುವುದನ್ನೇ ಮರೆತೆ. ಯಾರಿಗೂ ಹೇಳಬೇಡಿ. ವೀರಭದ್ರಯ್ಯ, ೧೯೩೬.’

‘ಹೆಣ್ಣು ನೋಡಲು ಬಂದವನು. ಮನೆ ತೋರಿಸುತ್ತೇವೆಂದು ಹತ್ತಿಸಿದರು. ಒಪ್ಪಿದರೆ ಏಣಿ ಕೊಡುತ್ತಾರಂತೆ. ೧೯೫೨.’

‘ಅಳತೆಗೆ ಬಂದ ಸರ್ವೇಯರ್. ಹಗ್ಗದಲ್ಲಿ ಮುದ್ದೆ ಬಂತು. ಸಾರು ಚೆಲ್ಲಿತು.’

ಕೊನೆಯದು ಮುತ್ತಿನಂಥ ಅಕ್ಷರ: ‘ಮನೆಯವರು ಏಣಿ ತಗೊಂಡು ದಂಡಿನಶಿವರಕ್ಕೆ ಹೋದರು. ಇದು ಒಂಬತ್ತನೇ ಸಲ. ವಿಮಲಾ, ೧೯೭೧.’

ಸಾಯುವವರೆಗೂ ಮುಖ ಗಂಟು ಹಾಕಿಕೊಂಡು ಕಳ್ಳರ ಕಥೆ ಹೇಳಿದ ಅತ್ತೆ. ಶಾಂತಕುಮಾರಿಗೆ ನಗು ಒತ್ತರಿಸಿ ಬಂದು, ಗೋಣಿಚೀಲದ ಮೇಲೆ ಕುಸಿದು ಕೂತರು.

“ಕಳ್ಳರ ಕಥೆ ಹೊಡೆದಾಕ್ಬುಡಮ್ಮ,” ಎಂದರು ಕಣ್ಣೊರೆಸಿಕೊಳ್ಳುತ್ತ. “ಇದನ್ನೇ ಬರ್ಕೋ.”

ನಾಲ್ಕು ಗಂಟೆಗೆ ತೋಂಟದಾರ್ಯ ಏಣಿ ಒರಗಿಸಿ ತಲೆಯೆತ್ತಿದರು. “ಯಾಕೇ, ನೀವು ಮೇಲಿದ್ರಾ?”

“ಇಲ್ಲ ಕಣ್ರೀ, ಈಗ ತಾನೇ ಹಾರ್ಕೊಂಡು ಬಂದ್ವಿ. ನೀವೂ ಬನ್ನಿ, ನಿಮ್ಮವ್ವ ಏನೋ ಬರೆದವ್ರೆ.”

ಅವರು ಹತ್ತಿ ಬಂದು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು. “ನಮ್ಮಪ್ಪನೂ ಹಿಂಗೇನಾ?” ಎಂದಷ್ಟೇ ಕೇಳಿದರು.

ಸೋಮವಾರ ಶಾಂತಕುಮಾರಿ ಮೇಸ್ತ್ರಿ ಸಣ್ಣತಿಮ್ಮಯ್ಯನನ್ನು ಕರೆಸಿದರು. ಅವನು ಟೇಪು ಹಿಡಿದು ಓಡಾಡಿ, “ಮೆಟ್ಲು ಮಾಡ್ಬೋದು ಕಣ್ರಮ್ಮ. ದೇವರ ಮನೆ ಹೋಗ್ಬೇಕು, ಇಲ್ಲಾ ಅಡುಗೆಮನೆ ಹೋಗ್ಬೇಕು,” ಎಂದ.

ಶಾಂತಕುಮಾರಿ ಒಂದು ಲೋಟ ಕಾಫಿ ಮುಗಿಯುವವರೆಗೆ ಯೋಚಿಸಿದರು. ಆಮೇಲೆ ಕಬ್ಬಿಣದ್ದೊಂದು ಏಣಿ ತರಿಸಿ, ಸರಪಳಿ ಹಾಕಿ ಕಂಬಕ್ಕೆ ಬಿಗಿಸಿ ಬೀಗ ಜಡಿದರು. ಬೀಗದ ಕೈ ಎಲ್ಲಿದೆಯೆಂದು ತೋಂಟದಾರ್ಯ ಇವತ್ತಿಗೂ ಹುಡುಕುತ್ತಿದ್ದಾರೆ.