ಮರಳಿನಡಿಯ ಕಣಜ

ಎತ್ತರದ ಮಹಡಿಯನ್ನು ಕಂಡು ಕಟ್ಟಿಸಿದವನನ್ನು ಹೊಗಳುವ ನೀವು, ಅದರ ಬುಡದಲ್ಲಿ ದುಡಿದವರು ಯಾರೆಂದು ಒಮ್ಮೆಯಾದರೂ ಕೇಳಿದ್ದೀರಾ?

ಅರಕೆರೆಯ ಚಲುವಮ್ಮನನ್ನು ಯಾರೂ ಕೇಳಲಿಲ್ಲ. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಸಾಹುಕಾರನೊಬ್ಬ ಮಹಡಿಮನೆ ಕಟ್ಟಿಸಿದಾಗ ಅವಳಿನ್ನೂ ಹೊಸ ಮದುವಣಗಿತ್ತಿ, ಅಲ್ಲಿ ಪಾಯದ ಕೂಲಿಗೆ ಸೇರಿದ್ದಳು. ಅಲ್ಲಿ ಬರೀ ಮರಳು. ಸಾಮಾನ್ಯ ಪಾಯ ನಿಲ್ಲದು. ಆದ್ದರಿಂದ ಪ್ರತಿ ಕಂಬದಡಿಯೂ ಗಟ್ಟಿನೆಲ ಸಿಗುವವರೆಗೆ ಕುಣಿ ತೋಡಿ, ಮರಳು ಕುಸಿಯದಂತೆ ತಳವಿಲ್ಲದ ಬಿದಿರ ಕಣಜವನ್ನು ಇಳಿಸುತ್ತಿದ್ದರು. ಅದರೊಳಗೆ ಸುಣ್ಣ, ಇಟ್ಟಿಗೆಪುಡಿ, ಜಲ್ಲಿ ಕಲಸಿದ ಗಾರೆ ಸುರಿದು, ಮರದ ದಿಮ್ಮಿಯಿಂದ ಕುಟ್ಟಿ ಕುಟ್ಟಿ ದಮ್ಮಸು ಮಾಡುತ್ತಿದ್ದರು. ಕುಣಿ ತುಂಬುವ ತನಕ ಕೈ ಬಿಡುವಂತಿರಲಿಲ್ಲ.

ಜೊತೆಗಾತಿ ಸಿದ್ದಲಿಂಗಮ್ಮನ ಬಾಯಿಗೂ ಬಿಡುವಿರಲಿಲ್ಲ.

“ಮನೇಲಿ ರಾಗಿ ಕಣಜ ಬರಿದು, ಇಲ್ಲಿ ಸುಣ್ಣದ ಕಣಜ ತುಂಬ್ತಾ ಇದ್ದೀವಿ ಕಣವ್ವ!”

ಮೇಸ್ತ್ರಿ ಸೋಮಯ್ಯ ಗದರಿದ: “ಬಾಯಲ್ಲ, ಕೈ ಆಡ್ಸಿ! ಗಾರೆ ಗಟ್ಟಿಯಾಗೋಯ್ತದೆ.”

“ನಿನ್ ಬಾಯೊಂದ್ನ ಕುಣಿಗಿಳಿಸ್ಬುಡು ಸೋಮಣ್ಣ, ದಮ್ಮಸೇ ಬ್ಯಾಡ!” ಎಂದು ಸಿದ್ದಲಿಂಗಮ್ಮ ತಿರುಗಿ ಅನ್ನುತ್ತಿದ್ದಳು.

ಸೋಮಯ್ಯನೂ ನಕ್ಕುಬಿಡುತ್ತಿದ್ದ. ಹಸಿಸುಣ್ಣದ ವಾಸನೆ, ಸಂಜೆ ಹೊಳೆಗಿಳಿದು ಕೈ ತೊಳೆದರೆ ಆಗುತ್ತಿದ್ದ ಆ ಉರಿ, ಚಲುವಮ್ಮನಿಗೆ ಮುಂದೆ ಎಷ್ಟೋ ವರ್ಷ ಹಿತವಾಗಿಯೇ ನೆನಪಾಗುತ್ತಿದ್ದವು. ಗೆಳತಿಯರಿಬ್ಬರಿಗೂ ಇದ್ದದ್ದು ಒಂದೇ ಆಸೆ: ಮನೆ ಮುಗಿದ ಮೇಲೆ, ತಾವು ತುಂಬಿದ ಕುಣಿಯ ಮೇಲೆದ್ದ ಕಂಬಕ್ಕೆ ಒರಗಿ ಗಳಿಗೆ ಹೊತ್ತು ಕೂರಬೇಕು.

ಗೃಹಪ್ರವೇಶದ ದಿನ ಒಗೆದ ಸೀರೆಯುಟ್ಟು ಬಂದವರನ್ನು ಕಾವಲಿನವನು ತಡೆದ.

“ಎಲ್ಲಿಗ್ರವ್ವ? ಸುಣ್ಣ ಮೆತ್ಕೊಂಡಿರೋ ಕಾಲು. ನೆಲ ಕೆಡ್ತದೆ, ನಡೀರಿ.”

ಆ ನೆಲ ನಿಂತದ್ದೇ ಆ ಕಾಲುಗಳ ದುಡಿಮೆಯಿಂದ! ಇದನ್ನು ಅನ್ಯಾಯವೆನ್ನದೆ ಮತ್ತೇನೆನ್ನೋಣ?

ಸಿದ್ದಲಿಂಗಮ್ಮ ಗೆಳತಿಯ ಕೈ ಹಿಡಿದೆಳೆದಳು: “ಬಾರವ್ವ, ಇನ್ನೊಂದ್ಸಲ ಬರವ. ಕಂಬ ಎಲ್ಗೋದದು?”

ಆ ಇನ್ನೊಂದು ಸಲಕ್ಕೆ ಅವಳು ಉಳಿಯಲಿಲ್ಲ, ಹೆರಿಗೆಯಲ್ಲಿ ತೀರಿಕೊಂಡಳು. 1799ರಲ್ಲಿ ಕೋಟೆ ಬಿದ್ದ ಮೇಲೆ ಸಾಹುಕಾರ ಊರು ಬಿಟ್ಟ. ಮಳೆ ಕಳೆದು ಚಲುವಮ್ಮ ಅಲ್ಲಿಗೆ ಬಂದಾಗ ಬಾಗಿಲು ಹಾರುಹೊಡೆದಿತ್ತು, ಕಾಯುವವರಿರಲಿಲ್ಲ. ಫಿರಂಗಿಯ ಗುಂಡಿನೇಟಿಗೆ ಮಹಡಿ ಕುಸಿದಿತ್ತು. ಕಂಬಗಳು ಮಾತ್ರ ನೆಟ್ಟಗೆ ನಿಂತಿದ್ದವು. ಹೊಸ್ತಿಲಿಗೆ ಕಾಲಿಟ್ಟವಳು ಹಿಂದೆ ತೆಗೆದಳು.

“ಒಬ್ಬಳೇ ಕೂತ್ಕೊಂಡು ಏನ್ ಮಾಡ್ಲವ್ವ,” ಎಂದು ತನಗೆ ತಾನೇ ಹೇಳಿಕೊಂಡು ಅರಕೆರೆಯ ದಾರಿ ಹಿಡಿದಳು.

ಕಟ್ಟಿಸುವವರೇ, ನಿಮ್ಮಲ್ಲಿ ಒಂದು ಕೇಳಿಕೆ. ಹೊಸಮನೆಯ ಬಾಗಿಲು ತೆರೆದ ದಿನ ಪಾಯ ತುಂಬಿದವರನ್ನೇ ಮೊದಲು ಒಳಗೆ ಕರೆಯಿರಿ. ಅವರೆಲ್ಲ ಜೊತೆಗಿರುವಾಗಲೇ ಕರೆಯಿರಿ.