ತಾತನ ಬೆಂಕಿ ಎಲ್ಲಿಯವರೆಗೆ

ಹಳದಿ, ಅಲ್ಲ, ಹಳೆಯ ಹಿತ್ತಾಳೆ ಪಾತ್ರೆಯ ಬಣ್ಣ, ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಜಾರಿಹೋಯಿತು, ನಿಧಾನ, ಅದು ಗಂಧಕ ಸೇರಿದ ಕಬ್ಬಿಣ, ಪಕ್ಕದ ಬಿಳಿ ನಿಕ್ಕಲ್ ಬೆರೆತ ಕಬ್ಬಿಣ, ಬರೀ ಲೋಹ, ಎಷ್ಟು ನುಣುಪಾಗಿ ಉಜ್ಜಿದ್ದೇನೆ ಈ ಉಲ್ಕೆಯ ತುಂಡನ್ನು, ಒಂದು ಗೀರಿಲ್ಲ, ಇಡೀ ಕಟ್ಟಡದಲ್ಲಿ ಇಂಥ ಕೈ ಇನ್ನೊಂದಿಲ್ಲ, ಜಂಬ ಅಂದರೆ ಜಂಬವೇ ಸರಿ, ಕಮ್ಮಾರನ ಮೊಮ್ಮಗಳ ಕೈ — ಆದರೆ ಇಲ್ಲಿ, ಹೊರ ಅಂಚಿನಲ್ಲಿ, ಹಳದಿ ಕರಗಿ ಎಳೆ ಎಳೆಯಾಗಿ ಬಿಳಿಯೊಳಗೆ ನುಗ್ಗಿದೆ, ಅವಸರದಲ್ಲಿ ಕಾದು ಅವಸರದಲ್ಲಿ ಆರಿದ್ದು, ಇದು ಆಕಾಶದ ಕೆಲಸವಲ್ಲ, ಬೀಳುವಾಗಿನ ಉರಿ ಇಷ್ಟು ಆಳ ಇಳಿಯುವುದಿಲ್ಲ, ತಾತನ ಕುಲುಮೆಯದು. ಕುಂಬಳಕಾಯಿಯಷ್ಟು ದೊಡ್ಡ ಈ ಕಲ್ಲನ್ನು ಇಡಿಯಾಗಿ ಕೆಂಡಕ್ಕೆ ಹಾಕಿದರಂತೆ, ತಿದಿ ಒತ್ತಿದ ಅಜ್ಜಿ ಸಾಯುವವರೆಗೂ ನಗುತ್ತಿದ್ದಳು, ಆಕಾಶದ ಕಬ್ಬಿಣದಲ್ಲಿ ಕತ್ತಿ ಮಾಡ್ತೀನಿ ಅಂತ ಹೊರಟ್ರು ಕಣೇ ನಿಮ್ಮ ತಾತ, ಒಂದು ಸೂಜಿನೂ ಆಗ್ಲಿಲ್ಲ, ಅಮ್ಮ ಮಾತ್ರ ನಗುತ್ತಿರಲಿಲ್ಲ, ಬೀದಿಯವರಿಗೆಲ್ಲ ಅವಳು ಕಲ್ಲು ಸುಟ್ಟವನ ಮಗಳು, ಈ ಬೆಳಿಗ್ಗೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥರೂ ಬಾಗಿಲಲ್ಲೇ ನಿಂತು, ಸುಟ್ಟು ಹಾಳಾದ ಕಲ್ಲು ಮೇಡಂ, ಒಳಗೂ ಇದೇ ಕಥೆ ಆದ್ರೆ ಸಂಗ್ರಹದಿಂದ ತೆಗೆದುಬಿಡೋಣ, ಮನೆ ಅಭಿಮಾನ ಬೇರೆ, ವಿಜ್ಞಾನ ಬೇರೆ — ನನಗೆ ಪಾಠ ಹೇಳುತ್ತಾರೆ, ನನಗೆ.

ಅಂಚು ಬಿಟ್ಟು ಕಲ್ಲಿನ ಒಳಗೆ ಹೋಗು, ಗುಂಡಿ ತಿರುಗಿಸು, ಎಳೆಗಳು ಇನ್ನೂ ಇವೆ, ಇನ್ನೂ, ತಾತ, ಎಷ್ಟು ಹೊತ್ತು ಇಟ್ಟಿರಿ, ಸಾಕು, ತೆಗೆಯಿರಿ ಹೊರಗೆ, ಎಳೆ ತೆಳುವಾಯಿತು, ಒಂದೇ ಉಳಿಯಿತು, ನಿಂತಿತು — ನಿಂತೇಬಿಟ್ಟಿತು, ಆಚೆಗೆ ದುಂಡನೆಯ ಹಳದಿ ಹನಿ, ಸುತ್ತ ಬಿಳಿ ಲೋಹ, ಅಂಚು ಸ್ಪಷ್ಟ, ಬಿಳಿಯ ಅಂಚಿಗೆ ನಿಕ್ಕಲ್ ಸಾವಕಾಶವಾಗಿ ನಡೆದುಬಂದು ಕೂತಿದೆ, ಅದಕ್ಕೆ ಅಷ್ಟು ಪುರುಸೊತ್ತು ಯಾವ ಕುಲುಮೆ ಕೊಟ್ಟೀತು, ಭೂಮಿಗೆ ಬೀಳುವ ಎಷ್ಟೋ ಮೊದಲೇ ಕಾದು, ಲಕ್ಷಾಂತರ ವರ್ಷ ಆರುತ್ತ ಬಂದದ್ದು, ತಾತ ಮುಟ್ಟದೆ ಬಿಟ್ಟದ್ದು. ಮುಖ್ಯಸ್ಥರು ಬರಲಿ, ಇದೇ ಕುರ್ಚಿಯಲ್ಲಿ ಕೂರಿಸಿ ತೋರಿಸುತ್ತೇನೆ, ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಮೊದಲು ಅಮ್ಮನಿಗೆ ಫೋನು, ನಿಮ್ಮಪ್ಪ ಕಲ್ಲು ಹಾಳು ಮಾಡ್ಲಿಲ್ಲಮ್ಮಾ, ಅವಳು ಏನನ್ನುತ್ತಾಳೆ ಗೊತ್ತು, ಹಾಗಾದ್ರೆ ನಮ್ಮಪ್ಪನ ಬೆಂಕಿ ಸಾಲ್ಲಿಲ್ಲ ಅಂತೀಯಾ — ಅಯ್ಯೋ ಅಮ್ಮ, ನಿನ್ನ ಹೆಮ್ಮೆಯೇ, ನನಗೆ ಬಂದದ್ದೂ ಅದೇ ತಾನೇ, ಸಾಲದೆ ಏನು, ಆಕಾಶದಿಂದ ಬಂದದ್ದನ್ನೂ ಕರಗಿಸಿದವರು ನಿನ್ನಪ್ಪ, ನೋಡು, ಇಲ್ಲಿಯವರೆಗೆ, ಈ ಹಳದಿ ಎಳೆ, ಹನಿಯ ಅಂಚಿಗೆ ಇನ್ನೊಂದು ಕೂದಲೆಳೆ ದೂರ, ಇಲ್ಲಿಯವರೆಗೆ, ಬಿಳಿಯಲ್ಲಿ ನಿಂತ ಈ ಹಳದಿ ಎಳೆ