ಹೆಸರಿಲ್ಲದವಳಿಗೆ ಒಂದು ಎಲೆ

ಒಂದಾನೊಂದು ಕಾಲದಲ್ಲಿ, ನೇತ್ರಾವತಿಯ ಆಚೆ ದಡದಲ್ಲಿ, ಹೆಸರಿಲ್ಲದ ಹೆಂಗಸೊಬ್ಬಳಿದ್ದಳು. ಒಂದು ಮುಂಜಾನೆ ಅವಳು ಐದು ವರ್ಷದ ಮಗಳನ್ನೂ ತೊಟ್ಟಿಲ ಕೂಸನ್ನೂ ಬಿಟ್ಟು ದೋಣಿ ಹತ್ತಿದಳು. ಮತ್ತೆ ಬರಲಿಲ್ಲ.

ಬೊಂಬಾಯಿಯ ವಡಾಲದ ಚಾಳಿನ ಕೋಣೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಮೋಹಿನಿ ಈ ಕತೆಯನ್ನು ಎಷ್ಟು ಸಲ ಕೇಳಿದ್ದಳೋ. ಮನಸ್ಸಿನಲ್ಲೇ ಆ ದೋಣಿಗೆ ಹಾಯಿ ಕಟ್ಟಿದವಳೂ, ಹೆಂಗಸಿಗೆ ಕೆಂಪು ಸೀರೆ ಉಡಿಸಿದವಳೂ ಮೋಹಿನಿಯೇ. ಐದು ವರ್ಷದ ಮಗಳು ತನ್ನ ಅಜ್ಜಿಯೇ ಎಂದು ತಿಳಿದದ್ದು ಐವತ್ತಾರನೆಯ ಇಸವಿಯಲ್ಲಿ, ಅಜ್ಜಿ ಹಾಸಿಗೆ ಹಿಡಿದ ಮೇಲೆ.

"ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವಾಗ ನನ್ನ ಅಮ್ಮನಿಗೂ ಒಂದು ಎಲೆ ಹಾಕು ಮಗಾ. ಹೆಸರು ಹಿಡಿದು ಕರಿ. ಕರೀದೆ ಅವರು ಬರುದಿಲ್ಲ."

ಹೀಗೆ ಮಾತು ತೆಗೆದುಕೊಂಡ ಅಜ್ಜಿ, ಹೆಸರು ಹೇಳುವ ಮೊದಲೇ ನಾಲಗೆ ಬಿದ್ದು ತೀರಿಕೊಂಡಳು. ಮೋಹಿನಿಯ ಅಮ್ಮನಿಗೂ ಆ ಹೆಸರು ಗೊತ್ತಿರಲಿಲ್ಲ.

ಮೋಹಿನಿ ಬಾಂದ್ರಾಕ್ಕೆ, ಅಪ್ಪನ ಅಣ್ಣ ಕಾಂತಪ್ಪನಲ್ಲಿಗೆ ಹೋದಳು. ಆತ ನಕ್ಕೇ ನಕ್ಕ.

"ಬೊಂಬಾಯಿಯಲ್ಲಿ ಹುಟ್ಟಿದವರ ಬುದ್ಧಿ! ನಮ್ಮಲ್ಲಿ ಸಂತಾನ ನಡೆಯುದು ಹೆಣ್ಣಿನ ಕಡೆಯಿಂದ ಮಾರಾಯ್ತಿ. ನಿನ್ನ ಅಮ್ಮನ ಕಡೆಯದ್ದು ಅಪ್ಪನ ಅಣ್ಣನತ್ರ ಕೇಳ್ತಾರಾ? ಓಡಿಹೋದವಳನ್ನು ನಾನೆಂತ ಕಿಸೆಯಲ್ಲಿಟ್ಟುಕೊಂಡಿದ್ದೇನಾ?"

ಉಳಿದದ್ದು ತೊಟ್ಟಿಲ ಕೂಸು. ಅಜ್ಜಿಯ ಆ ತಂಗಿ ನೀಲಾವತಿ ಈಗ ಜೋಗೇಶ್ವರಿಯಲ್ಲಿ, ಮಗನ ಹೋಟೆಲಿನ ಹಿಂದೆ ಕೂತು ಉದ್ದು ರುಬ್ಬುತ್ತಿದ್ದಳು. ಕೂರು ಎನ್ನಲಿಲ್ಲ. ಮೋಹಿನಿ ಹೊಸ್ತಿಲಲ್ಲೇ ಕೂತಳು.

"ಹೆಸರಾ? ಏಳು, ಹೊರಡು. ಲೋಕಲ್ ತಪ್ಪೀತು."

"ಹೇಳಿದ್ರೆ ಹೋಗ್ತೇನೆ ಚಿಕ್ಕಜ್ಜಿ."

"ನಿನ್ನ ಅಜ್ಜಿಗೆ ಅವಳ ಹಾಲು ಸಿಕ್ಕಿತ್ತು, ಮಡಿಲು ಸಿಕ್ಕಿತ್ತು. ಕತೆ ಕಟ್ಟಿದಳು. ನನಗೆ ಸಿಕ್ಕಿದ್ದು ಹೆಸರೊಂದೇ. ಸಾಕಿದ ಮಾವ ಪೆಟ್ಟು ಕೊಡುವಾಗೆಲ್ಲ ಆ ಹೆಸರು ಹೇಳಿಯೇ ಕೊಟ್ಟದ್ದು."

ಮೋಹಿನಿಯ ಕಣ್ಣೊಳಗಿನ ಕೆಂಪು ಸೀರೆ ಬಣ್ಣ ಬಿಟ್ಟಿತು. ಎದ್ದು ಹೋಗಿಬಿಡೋಣ ಎನಿಸಿತು. ಆದರೆ ಕೊಟ್ಟ ಮಾತು ಕಾಲಿಗೆ ಸುತ್ತಿಕೊಂಡಿತ್ತು.

"ಹಾಗಾದ್ರೆ ನಿಮ್ಮ ಸಿಟ್ಟನ್ನೂ ಅವರಿಗೆ ಮುಟ್ಟಿಸ್ತೇನೆ. ಕರೆದ್ರೆ ತಾನೇ ಹೇಳ್ಲಿಕ್ಕೆ ಆಗುದು?"

ರುಬ್ಬುಗುಂಡು ನಿಂತಿತು. ಮುದುಕಿ ಹಿಟ್ಟಿನ ಕೈಯೆತ್ತಿ ಬೀದಿ ತೋರಿಸಿದಳು.

"ಸಂಕಮ್ಮ. ನೀಲು ಕ್ಷಮಿಸಲಿಲ್ಲ ಅಂತ ಹೇಳು. ಉಂಡ ಮೇಲೆ ಅಲ್ಲ, ಉಣ್ಣುವ ಮೊದಲೇ ಹೇಳು. ಇನ್ನು ಈ ಕಡೆ ತಲೆ ಹಾಕಬೇಡ."

ಆಟಿಯಲ್ಲಿ ಬಡಿಸುವ ದಿನ ಅಮ್ಮ ಕೋಳಿ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು.

"ಹೆತ್ತದ್ದನ್ನು ಬಿಟ್ಟು ಹೋದವಳಿಗೆ ನನ್ನ ಕೈಯಿಂದ ಅನ್ನ ಇಲ್ಲ. ಬೇಕಾದ್ರೆ ನೀನೇ ಬಡಿಸು."

ಮೋಹಿನಿ ಅಜ್ಜಿಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದಳು. ರೊಟ್ಟಿ ಮುರಿದಿಟ್ಟು ಸಾರು ಹೊಯ್ದಳು.

"ಸಂಕಮ್ಮಜ್ಜೀ," ಎಂದು ಗಟ್ಟಿಯಾಗಿ ಕರೆದಳು. "ನಿಮ್ಮ ನೀಲು ಕ್ಷಮಿಸಲಿಲ್ಲ. ಇನ್ನು ಬನ್ನಿ, ಉಣ್ಣಿ."

ಸತ್ತವರು ಉಣ್ಣುವುದನ್ನು ಬದುಕಿದವರು ನೋಡಬಾರದು. ಅವಳು ಹೊರಗೆ ಬಂದು ಬಾಗಿಲು ಎಳೆದುಕೊಂಡಳು.